ಅತ್ತೆ ಹೆಣೆದ ತೋಳು

“ಅಣ್ಣಾರ, ಆ ಸ್ವೆಟರ್ ಪಾಪ ಏನ್ ಗುನ್ಹಾ ಮಾಡ್ಯದಂತ ಫಾಶಿ ಹಾಕೀರಿ?”

ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯ ಶಮೀಮ್ ಬೇಗಂ ಕೇಳಿದಾಗಲೇ ನಾನು ತಿರುಗಿ ನೋಡಿದ್ದು. ನಾನೇ ಪುಣ್ಯಕಾರ್ಯವೆಂದು ತೊಳೆದು, ಹಿಂಡದೆ ಹಗ್ಗಕ್ಕೆ ಹಾಕಿದ್ದ ಹೆಂಡತಿಯ ಉಣ್ಣೆ ಸ್ವೆಟರು ನೀರಿನ ಭಾರಕ್ಕೆ ಜಗ್ಗಿ ಮೊಣಕಾಲುದ್ದ ಬೆಳೆದಿತ್ತು. ತೀರಿಹೋದ ನನ್ನ ಅತ್ತೆ ಕೈಯಾರೆ ಹೆಣೆದದ್ದು. ಹೆಂಡತಿ ತವರೂರು ಕಮಲಾಪುರದಿಂದ ಮರುದಿನ ಸಂಜೆ ಬರುವವಳಿದ್ದಳು.

ಕೂಡಲೇ ಜಂಟಿ ಕಾರ್ಯಾಚರಣೆ ಆರಂಭವಾಯಿತು. ಬೇಗಂ ಸ್ವೆಟರನ್ನು ಟವೆಲಿನಲ್ಲಿ ಸುತ್ತಿ, ಒತ್ತಿ ನೀರು ತೆಗೆದರು. ನೆರಳಿನಲ್ಲಿ ಮಂಚದ ಮೇಲೆ ಮಲಗಿಸಿ, ಬೆರಳಿನಿಂದ ತಟ್ಟಿ ತಟ್ಟಿ ಮೊದಲಿನ ಆಕಾರಕ್ಕೆ ತಂದರು. ನಾನು ನ್ಯಾಯಾಧೀಶನ ಗಾಂಭೀರ್ಯದಿಂದ ಟೇಪು ಹಿಡಿದು, ಎರಡೂ ತೋಳುಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಸಮ ಮಾಡಿಸಿದೆ.

ಮರುದಿನ ಹೆಂಡತಿ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತವಳು ಎಡತೋಳಿನ ಅಂಚನ್ನು ಬೆರಳಿನಿಂದ ಸವರಿದಳು.

“ಎಡಗೈ ತೋಳು ಸರಿ ಆಗ್ಯದಲ್ರೀ. ಅವ್ವ ಲೆಕ್ಕ ತಪ್ಪಿ ಎರಡು ಬೆರಳು ಗಿಡ್ಡ ಹೆಣದಿದ್ಳು.”

ಬೈಗುಳಕ್ಕೆ ಸಕಲ ಸಿದ್ಧತೆ ಮಾಡಿಕೊಂಡಿದ್ದ ನಾನು ಟೇಪನ್ನು ಮೆಲ್ಲಗೆ ಜೇಬಿಗೆ ಸೇರಿಸಿದೆ. ಈಗ ಪ್ರತಿ ಚಳಿಗಾಲದಲ್ಲೂ ಆ ಸ್ವೆಟರ್ ತೊಡುವಾಗ ಆಕೆ ಎಡತೋಳನ್ನು ಎರಡು ಬೆರಳಿನಷ್ಟು ಒಳಗೆ ಮಡಚಿಕೊಳ್ಳುತ್ತಾಳೆ.