ನಿಂಬೆಹಣ್ಣಿನ ಮೇಲೆ ನಿಂತ ಕಾರು

ಗೋಡೆಯ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ ಹಾಳೆ ಮಗುಚಿದ್ದೇ ತಡ, ಅಮೃತಹಳ್ಳಿಯ ನಮ್ಮ ಮನೆಯಲ್ಲಿ ಯಾವ ಕೆಲಸದ ಮಾತೆತ್ತಿದರೂ ಒಂದೇ ಉತ್ತರ ಬರುತ್ತದೆ: ‘ಹಬ್ಬ ಮುಗೀಲಿ.’ ಹಿತ್ತಲ ನಲ್ಲಿ ಸೋರುತ್ತಿದೆ, ಒಂದು ವಾಷರ್ ಹಾಕಿಸಿ ಎಂದರೆ ಹಬ್ಬ ಮುಗೀಲಿ. ಅಟ್ಟದ ಮೇಲಿನ ಹಳೇ ಹಾಸಿಗೆಗಳನ್ನು ಎಸೆಯೋಣ ಎಂದರೆ ಹಬ್ಬ ಮುಗೀಲಿ. ಯಾವ ಹಬ್ಬ ಎಂದು ಯಾರೂ ಕೇಳುವುದಿಲ್ಲ. ದಸರಾ ಮುಗಿದರೆ ದೀಪಾವಳಿ, ದೀಪಾವಳಿ ಮುಗಿದರೆ ತುಳಸಿಯ ಮದುವೆ, ಅದರ ಬೆನ್ನಿಗೇ ಮನುಷ್ಯರ ಮದುವೆಗಳು. ಊಟ ಮಾಡಿ ಮಾಡಿ ಸುಸ್ತಾಗುವಷ್ಟರಲ್ಲಿ ಧನುರ್ಮಾಸ ಬರುತ್ತದೆ. ಅದು ಶೂನ್ಯ ಮಾಸ, ಶುಭಕಾರ್ಯ ಕೂಡದು, ಆದ್ದರಿಂದ ‘ಸಂಕ್ರಾಂತಿ ಆಗ್ಲಿ’ ಎನ್ನುತ್ತಾರೆ. ಸಂಕ್ರಾಂತಿಯ ಹೊತ್ತಿಗೆ ಹೊಸ ವರ್ಷ ಹುಟ್ಟಿ ಅಂಬೆಗಾಲಿಡುತ್ತಿರುತ್ತದೆ, ನಲ್ಲಿ ಹಾಗೇ ಸೋರುತ್ತಿರುತ್ತದೆ.

ನಮ್ಮನ್ನು ಪೂರ್ತಿ ಬೈಯುವಂತೆಯೂ ಇಲ್ಲ. ನಮಗೆ ಹೊಸ ವರ್ಷಗಳು ಜಾಸ್ತಿ. ಜನವರಿಯದು ಇಂಗ್ಲಿಷಿನವರ ವರ್ಷ, ನಮ್ಮದಲ್ಲ ಎಂದು ಅದರ ಸಂಕಲ್ಪಗಳನ್ನೆಲ್ಲ ಯುಗಾದಿಗೆ ವರ್ಗಾಯಿಸುತ್ತೇವೆ. ಬೇವುಬೆಲ್ಲ ತಿಂದ ನಾಲಿಗೆ ಸರಿಹೋಗುವ ಮೊದಲೇ ತೆರಿಗೆಯವರ ವರ್ಷ ಶುರುವಾಗುತ್ತದೆ. ಜೀವಮಾನವಿಡೀ ಪ್ರೈಮರಿ ಶಾಲೆಯ ಟೀಚರಾಗಿದ್ದ ನನಗೆ ಜೂನ್ ತಿಂಗಳೇ ನಿಜವಾದ ಹೊಸ ವರ್ಷ, ಆದರೆ ಅದರ ಹಿಂದೆಯೇ ಆಷಾಢ ಬಂದು ಅಡ್ಡ ನಿಲ್ಲುತ್ತದೆ. ಪಂಚಾಂಗ ಬರೆದ ಹಿರಿಯರು ಸೂರ್ಯಚಂದ್ರರ ನಡಿಗೆಯನ್ನು ಎಷ್ಟು ಕರಾರುವಾಕ್ಕಾಗಿ ಗಣಿಸಿದರೋ, ನಮ್ಮ ಸೋಮಾರಿತನಕ್ಕೂ ಅಷ್ಟೇ ಮುತುವರ್ಜಿಯಿಂದ ಜಾಗ ಮಾಡಿಕೊಟ್ಟಿದ್ದಾರೆ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಹೋದ ವರ್ಷ ಮಾತ್ರ ಈ ‘ಹಬ್ಬ ಮುಗೀಲಿ’ಯ ಜೊತೆ ನಾನು ಜಗಳಕ್ಕೆ ಬಿದ್ದೆ. ಕಾರಣ ನಮ್ಮ ಕಾರು. ನಮ್ಮವರು, ಅಂದರೆ ನನ್ನ ಯಜಮಾನರು, ಈ ಊರಿನ ಹಳಬರು. ಮಾವ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಇವರು ಬಾಡಿಗೆ ಮನೆಗಳನ್ನು ಕಟ್ಟಿಸಿ, ಸಿಮೆಂಟು ಕಬ್ಬಿಣ ಎಂದು ಯಲಹಂಕದಿಂದ ಯಶವಂತಪುರದವರೆಗೆ ದಿನವೂ ಕಾರಿನಲ್ಲಿ ಸುತ್ತಿದವರು. ಒಂದು ದಿನ ಕಣ್ಣಿನ ಡಾಕ್ಟರು, ಇನ್ನು ಮೇಲೆ ಸ್ಟೀರಿಂಗ್ ಹಿಡಿಯಬೇಡಿ ಎಂದುಬಿಟ್ಟರು. ಅಂದಿನಿಂದ ಇವರು ಗೇಟು ದಾಟಲಿಲ್ಲ. ಆಟೊ ತರಿಸಿದರೆ ಹತ್ತುವುದಿಲ್ಲ, ಟ್ಯಾಕ್ಸಿ ಎಂದರೆ ‘ಕಂಡೋರ ಗಾಡಿ ನಂಗ್ಯಾಕೆ’ ಎನ್ನುತ್ತಾರೆ. ವರಾಂಡದ ಕುರ್ಚಿಯಲ್ಲಿ ಕೂತು, ಹೊಂಗೆ ಮರದ ಕೆಳಗೆ ಧೂಳು ತಿನ್ನುತ್ತ ನಿಂತ ಕಾರನ್ನೇ ನೋಡುತ್ತಿದ್ದರು. ಎಷ್ಟು ದಿನ ಅಂತ ಇದನ್ನು ನೋಡುವುದು? ನಾನೇ ಕಾರು ಕಲಿಯುತ್ತೇನೆ ಎಂದು ಹೊರಟೆ.

ಹೊರಟಿದ್ದೇನೋ ನಿಜ. ಮೊದಲು ಮಾಡಿಸಿದ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸು, ಹಬ್ಬಗಳ ನಡುವೆಯೇ ಅವಧಿ ಮುಗಿಸಿಕೊಂಡು ಸತ್ತಿತು. ಇನ್ನೊಂದು ಮಾಡಿಸಿದೆ. ಅದರ ಆಯಸ್ಸು ಡಿಸೆಂಬರ್ ಕೊನೆಯವರೆಗೆ. ಇನ್ನೂ ಬೇಕಾದಷ್ಟು ದಿನ ಇದೆಯಲ್ಲ ಎಂದು ಹಾಯಾಗಿ ಇರುವಾಗಲೇ ಆಯುಧಪೂಜೆ ಬಂತು.

ಎಂಬತ್ತು ದಾಟಿದ ನಮ್ಮತ್ತೆ ಆಯುಧಪೂಜೆಯಲ್ಲಿ ಯಾವ ಲೋಪವನ್ನೂ ಸಹಿಸುವವರಲ್ಲ. ಕಾರಿಗೆ ಸೇವಂತಿಗೆ ಹಾರ, ಎರಡು ಬದಿಗೆ ಬಾಳೆಕಂದು, ಕುಂಕುಮ ಮೆತ್ತಿದ ಬೂದುಗುಂಬಳ, ಎಲ್ಲ ಆಯಿತು. ನಾಲ್ಕೂ ಚಕ್ರಗಳಿಗೆ ನಿಂಬೆಹಣ್ಣು ಇಟ್ಟಾಯಿತು. ಇನ್ನು ಯಾರಾದರೂ ಕಾರನ್ನು ಮುಂದಕ್ಕೆ ಬಿಟ್ಟು ಹಣ್ಣು ಜಜ್ಜಬೇಕು. ಪ್ರತಿ ವರ್ಷ ಇವರು ಒಂದೇ ಏಟಿಗೆ ಜಜ್ಜಿ ಬೀದಿಯ ತುದಿಯವರೆಗೆ ಹೋಗಿ ಬರುತ್ತಿದ್ದರು. ಈ ಸಲ ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು. ಬಾಡಿಗೆಯವರೆಲ್ಲ ಮಕ್ಕಳನ್ನು ಎತ್ತಿಕೊಂಡು ಸಾಲಾಗಿ ನಿಂತಿದ್ದರು. ನಾನು ರೇಷ್ಮೆ ಸೀರೆ ಸೆಕ್ಕಿಕೊಂಡು ಒಳಗೆ ಕೂತು, ದೇವರನ್ನು ನೆನೆದು ಕ್ಲಚ್ ಬಿಟ್ಟೆ. ಕಾರು ಗಕ್ಕೆಂದು ಒಮ್ಮೆ ಕುಪ್ಪಳಿಸಿ, ಚಕ್ರವನ್ನು ನಿಂಬೆಹಣ್ಣಿನ ಮೇಲೆ ಅರ್ಧ ಏರಿಸಿ, ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿದೆ, ಮತ್ತೆ ಆಫ್. ಅಷ್ಟೊತ್ತೂ ಹಣ್ಣು ಜಪ್ಪಯ್ಯ ಎಂದರೂ ಒಡೆಯಲಿಲ್ಲ. ಕೊನೆಗೆ ಮಹಡಿ ಮನೆಯ ಹುಡುಗರು, ‘ಟೆನ್ಶನ್ ತಗೋಬೇಡಿ ಆಂಟಿ, ನ್ಯೂಟ್ರಲ್‌ಗೆ ಹಾಕಿ’ ಎಂದು ಹಿಂದಿನಿಂದ ತಳ್ಳಿದರು. ಹಾರ ಹಾಕಿಸಿಕೊಂಡ ಕಾರು, ಒಳಗೆ ನನ್ನನ್ನು ಕೂರಿಸಿಕೊಂಡು, ತಳ್ಳಿಸಿಕೊಂಡು ನಿಂಬೆಹಣ್ಣು ದಾಟಿತು. ನಮ್ಮವರು ಮೆಟ್ಟಿಲ ಮೇಲೆ ನಿಂತು ಬೇರೆಲ್ಲೋ ನೋಡುತ್ತಿದ್ದರು.

ಸಂಜೆ ಚರ್ಮುರಿ ತಿನ್ನುತ್ತ ಮೆಲ್ಲಗೆ ಹೇಳಿದರು: ‘ಗಾಡಿ ಕೊಟ್ಬಿಡೋಣ ಕಣೆ. ವರ್ಷ ಮುಗೀಲಿ, ಗಿರಾಕಿ ನೋಡ್ತೀನಿ.’

ಅವರು ಸಿಟ್ಟಿನಲ್ಲಿ ಹೇಳಿದ್ದರೆ ನಾನು ಜಗಳವಾಡುತ್ತಿದ್ದೆ. ಅಷ್ಟು ಮೆತ್ತಗೆ ಹೇಳಿದ್ದೇ ಎದೆಗೆ ಚುಚ್ಚಿತು. ಕಾರು ಹೋದರೆ ಈ ಮನುಷ್ಯ ಆ ಕುರ್ಚಿಯಿಂದ ಏಳುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ವರ್ಷ ಮುಗಿಯುವುದರೊಳಗೆ ಲೈಸೆನ್ಸು ಕೈಯಲ್ಲಿರಬೇಕು, ಏನೇ ಆಗಲಿ.

ಹಠ ಹಿಡಿಯುವುದು ಸುಲಭ, ಅದಕ್ಕೆ ಹೊತ್ತು ಹೊಂದಿಸುವುದು ಕಷ್ಟ. ಆ ತಿಂಗಳುಗಳಲ್ಲಿ ಮನೆಯ ಹೆಂಗಸಿನ ದಿನ ಎನ್ನುವುದು ಅವಳದಾಗಿರುವುದಿಲ್ಲ. ಹಾಲಿನ ಪ್ಯಾಕೆಟ್ ಬಂದ ಮೇಲೆ, ಸ್ಕೂಲ್ ಬಸ್ಸುಗಳು ಬೀದಿಗಿಳಿಯುವ ಮೊದಲು, ಒಂದಿಷ್ಟು ಸಮಯ ಯಾರ ಕಣ್ಣಿಗೂ ಬೀಳದೆ ಬಿದ್ದಿರುತ್ತದೆ. ಅದನ್ನು ಹಿಡಿದುಕೊಂಡೆ. ಡ್ರೈವಿಂಗ್ ಸ್ಕೂಲಿನ ಮಾಸ್ಟರು ಬಂದು, ನಮ್ಮ ಕಾರಿನಲ್ಲೇ ಜಕ್ಕೂರಿನ ಕಡೆ ಮನೆಗಳಿನ್ನೂ ಏಳದ ಒಂದು ಲೇಔಟಿನ ಖಾಲಿ ರಸ್ತೆಗಳಿಗೆ ಕರೆದೊಯ್ಯುತ್ತಿದ್ದರು. ದೀಪಾವಳಿಗೆ ಒಬ್ಬಟ್ಟು ಅಂಗಡಿಯಿಂದ ತರಿಸಿದೆ. ಅತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನೋಡಿದ ರೀತಿಯನ್ನು ಬರೆದು ತಿಳಿಸುವುದು ಕಷ್ಟ. ಮದುವೆಗಳಿಗೆ ಮುಹೂರ್ತಕ್ಕೆ ಹೋಗಿ ಅಕ್ಷತೆ ಹಾಕಿ ಬಂದೆ, ರಿಸೆಪ್ಷನ್ನುಗಳಿಗೆ ನೆಂಟರು ಮುನಿದರೂ ಹೋಗಲಿಲ್ಲ. ಸಂಜೆ ಬೇಗ ಮಲಗದಿದ್ದರೆ ಬೆಳಿಗ್ಗೆ ಕಾಲು ಕ್ಲಚ್ಚಿನ ಮೇಲೆ ನಡುಗುತ್ತಿತ್ತು.

ಹುರುಪು ದಿನವೂ ಇರುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಕಾರ್ತಿಕದ ಚಳಿಯಲ್ಲಿ ಎಷ್ಟೋ ಬೆಳಿಗ್ಗೆ, ಥೂ, ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ ಎನಿಸಿದೆ. ಅದರಲ್ಲೂ ದಿಣ್ಣೆಯ ಮೇಲೆ ನಿಲ್ಲಿಸಿ ಮತ್ತೆ ಹೊರಡಿಸುವ ಪಾಠ ನನ್ನ ಪ್ರಾಣ ಹಿಂಡಿತು. ಕಾಲು ಎತ್ತಿದರೆ ಕಾರು ಹಿಂದಕ್ಕೆ ಜಾರುತ್ತದೆ, ಒತ್ತಿದರೆ ಕೂಗಾಡುತ್ತದೆ. ‘ಅರ್ಧ ಕ್ಲಚ್ ಮೇಡಂ, ಅರ್ಧ ಕ್ಲಚ್! ಅಲ್ಲೇ ಹಿಡ್ಕೊಳ್ಳಿ!’ ಎಂದು ಮಾಸ್ಟರು ತಮ್ಮ ಸೀಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ವರ್ಷದ ಕೊನೆಯ ತಿಂಗಳುಗಳೂ ಒಂದು ದಿಣ್ಣೆಯೇ, ಅಲ್ಲವೇ? ಜನವರಿಯಲ್ಲಿ ಎಲ್ಲರ ಗಾಡಿಯೂ ಸಪಾಟು ರಸ್ತೆಯಲ್ಲಿ ಓಡುತ್ತದೆ. ನವೆಂಬರಿನಲ್ಲಿ ಮುಂದೆ ಹೋಗದಿದ್ದರೂ ಪರವಾಗಿಲ್ಲ, ಹಿಂದಕ್ಕೆ ಜಾರದಂತೆ ಹಿಡಿದುಕೊಂಡರೆ ಅರ್ಧ ಗೆದ್ದ ಹಾಗೆ. ಹೀಗೆಂದು ನನಗೆ ನಾನೇ ಪಾಠ ಹೇಳಿಕೊಂಡು ಮಾರನೆಯ ದಿನವೂ ಎದ್ದು ಹೋಗುತ್ತಿದ್ದೆ.

ಪರೀಕ್ಷೆಯ ದಿನ ಸಿಕ್ಕಿದ್ದು ಸರಿಯಾಗಿ ಧನುರ್ಮಾಸದಲ್ಲಿ. ನಮ್ಮವರಿಗೆ ನೆಪ ಸಿಕ್ಕಿತು. ‘ಶೂನ್ಯ ಮಾಸ್ದಲ್ಲಿ ಯಾರಾದ್ರೂ ಹೋಗ್ತಾರೇನೆ? ಸಂಕ್ರಾಂತಿ ಆಗ್ಲಿ ಬಿಡು.’ ಸಂಕ್ರಾಂತಿಯ ಹೊತ್ತಿಗೆ ಎಲ್‌ಎಲ್ ಇರುವುದಿಲ್ಲ ಎಂದೆ. ಆಗ ಹೂ ಕಟ್ಟುತ್ತ ಕೂತಿದ್ದ ಅತ್ತೆ ಬಾಯಿ ಹಾಕಿದರು.

‘ಶೂನ್ಯ ಮಾಸ್ದಾಗೆ ಸುರು ಮಾಡ್ಬಾರ್ದು ಅಂತ ಏಳವ್ರೆ ಕಣಪ್ಪಾ. ಅವ್ಳು ಯಾವತ್ತೋ ಸುರು ಮಾಡವ್ಳೆ. ಮುಗಿಸ್ಬಾರ್ದು ಅಂತ ಯಾವ ಅಯ್ನೋರು ಏಳವ್ರೆ, ತೋರ್ಸು ನೋಡಾನ!’

ಅಮಾವಾಸ್ಯೆ, ಮಂಗಳವಾರ, ರಾಹುಕಾಲ ಎಂದು ಇಷ್ಟು ವರ್ಷ ನನ್ನ ಅರ್ಧ ಕೆಲಸಗಳನ್ನು ನಿಲ್ಲಿಸಿದ್ದ ಅತ್ತೆ ಇವರೇನಾ ಎಂದು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಇದರಲ್ಲಿ ಅವರ ಸ್ವಾರ್ಥವೂ ಇತ್ತೆನ್ನಿ. ಚಳಿಯಲ್ಲಿ ನಡೆದು ದೇವಸ್ಥಾನದ ಬೆಳಗಿನ ಪೂಜೆಗೆ ಹೋಗಲು ಅವರ ಮಂಡಿ ಒಪ್ಪುತ್ತಿರಲಿಲ್ಲ. ಆದರೂ ಅವರ ಮಾತು ನಿಜ. ಆ ತಿಂಗಳು ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಯಾರೂ ಕರೆಯುವುದಿಲ್ಲ. ಬಾಕಿ ಕೆಲಸ ಮುಗಿಸಿಕೊಳ್ಳುವುದಕ್ಕೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ತಿಂಗಳು ಎಲ್ಲಿದೆ?

ಪರೀಕ್ಷೆಯ ಬೆಳಿಗ್ಗೆ ಮಾಸ್ಟರು ಪಕ್ಕದಲ್ಲಿ ಕೂತರು. ಅತ್ತೆ ಯಾರನ್ನೂ ಕೇಳದೆ ನಾಲ್ಕು ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟರು. ಅಯ್ಯೋ ದೇವರೇ, ಮತ್ತೆ ಇದಾ ಎಂದುಕೊಂಡು ಕ್ಲಚ್ಚನ್ನು ಅರ್ಧಕ್ಕೆ ಹಿಡಿದೆ. ಕಾರು ಅಲುಗಾಡದೆ ಮುಂದೆ ಹೋಯಿತು. ಕೆಳಗೆ ಪಚಕ್ ಎಂದ ಸದ್ದು ನನ್ನ ಕಿವಿಗೆ ಬಿತ್ತು, ವರಾಂಡದ ಕುರ್ಚಿಗೂ ಕೇಳಿಸಿರಬೇಕು. ಪರೀಕ್ಷೆಯ ಮೈದಾನದಲ್ಲಿ ಇನ್ಸ್‌ಪೆಕ್ಟರು ದಿಣ್ಣೆಯ ಮೇಲೆ ನಿಲ್ಲಿಸಿ ಎಂದರು, ನಿಲ್ಲಿಸಿದೆ. ಹೊರಡಿ ಎಂದರು, ಹೊರಟೆ. ಒಂದು ಗೇಣೂ ಹಿಂದಕ್ಕೆ ಹೋಗಲಿಲ್ಲ. ಪಾಸು ಎಂದಾಗ ಅಲ್ಲೇ, ಅಷ್ಟು ಜನರ ಮುಂದೆ, ಸೆರಗಿನಿಂದ ಕಣ್ಣೊರೆಸಿಕೊಂಡೆ.

ಮನೆಗೆ ಬಂದು ಹೇಳಿದರೆ ನಮ್ಮವರು ‘ಹೌದಾ, ಒಳ್ಳೇದು’ ಎಂದರು, ಅಷ್ಟೇ. ಲೈಸೆನ್ಸಿನ ಕಾರ್ಡು ಪೋಸ್ಟಿನಲ್ಲಿ ಬಂದಾಗಲೂ ಎರಡು ಕಡೆ ತಿರುಗಿಸಿ ನೋಡಿ ವಾಪಸು ಕೊಟ್ಟರು. ಇಷ್ಟೆಲ್ಲ ಮಾಡಿದ್ದು ಇದಕ್ಕಾ ಎಂದು ನನಗೆ ಸಿಟ್ಟೂ ಬಂತು, ದುಃಖವೂ ಆಯಿತು. ಮಾರನೆಯ ಬೆಳಿಗ್ಗೆ ಅತ್ತೆಯನ್ನು ಪೂಜೆಗೆ ಬಿಟ್ಟು ವಾಪಸು ಬಂದಾಗ ವರಾಂಡದ ಕುರ್ಚಿ ಖಾಲಿಯಿತ್ತು. ಇವರು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದರು. ಕಾರಿನ ಎಡಬಾಗಿಲನ್ನು ತಡವಿ ತೆಗೆದು, ಹುಟ್ಟಿದಾರಭ್ಯ ಅಲ್ಲೇ ಕೂತವರ ಹಾಗೆ ಕೂತರು.

‘ಯಶವಂತಪುರಕ್ಕೆ ನಡಿ,’ ಅಂದರು. ‘ಆ ನಲ್ಲಿಗೆ ಒಂದು ವಾಷರ್ ತರ್ಬೇಕು.’

ವಾಷರ್ ಮಾರುವ ಅಂಗಡಿ ನಮ್ಮ ಬೀದಿಯ ಮೂಲೆಯಲ್ಲೇ ಇದೆ. ನಾನು ಅದನ್ನು ನೆನಪಿಸಲಿಲ್ಲ. ಗೇರ್ ಹಾಕುತ್ತ, ‘ಅದ್ಯಾಕ್ರೀ ಇಷ್ಟು ಅವಸರ, ಹಬ್ಬ ಮುಗೀಲಿ ಅಂತಿದ್ರಲ್ಲ?’ ಎಂದೆ.

‘ಯಾವ ಹಬ್ಬ?’ ಅಂದರು.