ನೀಲವ್ವನ ಬೆನ್ನಿಗೆ ನಾನು ಹೊಲಿದ ಕುಪ್ಪಸ

ಆ ಕುಪ್ಪಸ ಹೊಲಿದವಳು ನಾನು. ನೀಲವ್ವ ಅಲ್ಲ.

ಇಷ್ಟು ಸಣ್ಣ ಮಾತು. ಬಾಯಿಗೆ ಬರಲು ಇಷ್ಟು ವರ್ಷ ಹಿಡಿಯಿತು.

ಅಂದು ಸುದ್ದಿ ಬಂದಾಗ ನಾನು ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದೆ. ಬಾಜು ಮನೆಯ ಗಂಗಕ್ಕ ಏದುಸಿರು ಬಿಡುತ್ತ ಬಂದಳು. "ಶಾಂತಾ, ನಿಮ್ಮ ನೀಲವ್ವನ ಕರಕೊಂಡು ಬೀಗತಿ ಬಂದಾಳಬೇ! ಬಸ್ಸ ಇಳದು ಬರಾಕತ್ತಾರ. ಅಕಿ ಮಾರಿ ನೋಡಿದ್ರ ಹುಡುಗಿನ್ನ ಬಿಟ್ಟು ಹೋಗಾಕ ಬಂದಂಗ ಐತಿ."

ನೀಲವ್ವ ನನ್ನ ಗಂಡನ ತಂಗಿ. ತಂಬೂರು ಎಂಬ ಊರಿಗೆ ಕೊಟ್ಟಿದ್ದೆವು. ಮದುವೆಯ ಹಸಿರು ಬಳೆ ಇನ್ನೂ ಒಂದೂ ಒಡೆದಿರಲಿಲ್ಲ. ಯಾಕೆ ಬಂದರು ಎಂದು ಓಣಿಗೆಲ್ಲ ಆಶ್ಚರ್ಯ. ನನಗೆ ಆಶ್ಚರ್ಯವಾಗಲಿಲ್ಲ — ಮೊರ ಬದಿಗಿಟ್ಟು ಎದ್ದೆ.

ನೀಲವ್ವನ ಬೆನ್ನು ಸಣ್ಣವಳಿದ್ದಾಗಿನಿಂದ ಸೊಟ್ಟ. ಬಲಭುಜ ಮೇಲೆ, ಎಡಗಡೆ ಸೊಂಟದ ಹತ್ತಿರ ಒಂದು ತಗ್ಗು. ಕೆಲಸಕ್ಕೆ ಅದೇನೂ ಅಡ್ಡಿಯಾಗಲಿಲ್ಲ. ಅತ್ತೆ ತೀರಿದ ಮೇಲೆ ಅಡುಗೆಮನೆ ಅವಳದೇ ಆಗಿತ್ತು. ನಾನು ಸೊಸೆಯಾಗಿ ಬಂದಾಗಲೂ ಮಾವ ಊಟಕ್ಕೆ ಕೂತರೆ, "ಈ ಪಲ್ಯಾ ನೀಲಿದೋ ಶಾಂತವ್ವಂದೋ?" ಎಂದು ಕೇಳುತ್ತಿದ್ದರು. ನನ್ನದು ಎಂದರೆ ಸುಮ್ಮನೆ ಉಣ್ಣುತ್ತಿದ್ದರು. ಅವಳದು ಎಂದರೆ ಇನ್ನೊಂದು ರೊಟ್ಟಿ ಕೇಳುತ್ತಿದ್ದರು.

ಅವಳಿಗೊಂದು ಮನೆಯಾಗಲಿ ಎಂದು ನಾನು ಬಯಸಿದ್ದು ನಿಜ. ಈ ಮನೆ ನನ್ನದಾಗಲಿ ಎಂದು ಬಯಸಿದ್ದೂ ಅಷ್ಟೇ ನಿಜ. ಯಾವುದು ಎಷ್ಟು — ಶಿವನೇ ಬಲ್ಲ.

ನನ್ನ ತವರು ನವಲಗುಂದದ ಕಡೆ. ಅಲ್ಲಿಯ ಜಮೀನ್ದಾರರ ವಾಡೆಯಲ್ಲಿ ನಮ್ಮವ್ವ ಕೆಲಸಕ್ಕೆ ಹೋಗುತ್ತಿದ್ದಳು. ವರ್ಷಕ್ಕೊಮ್ಮೆ ಹಳೆಯ ಪೆಟ್ಟಿಗೆಗಳ ಬಟ್ಟೆ ಬಿಸಿಲಿಗೆ ಹಾಕುವಾಗ ಅದರಲ್ಲೊಂದು ವಿಚಿತ್ರ ಕುಪ್ಪಸ ಬರುತ್ತಿತ್ತು. ಯಾವುದೋ ಕಾಲದಲ್ಲಿ ಬಿಳಿಯ ದೊರೆಸಾನಿ ವಾಡೆಯಲ್ಲಿ ಇಳಿದುಕೊಂಡಾಗ ಬಿಟ್ಟುಹೋದದ್ದಂತೆ. ತೋಳಿಲ್ಲ. ಎದೆಯ ಕೆಳಗಿನಿಂದ ಸೊಂಟದವರೆಗೆ ಬಿಗಿ. ಎರಡು ಪದರದ ಬಟ್ಟೆ, ನಡುವೆ ಉದ್ದುದ್ದ ಗೂಡು ಹೊಲಿದು ಒಳಗೆ ಬಾಗದ ಪಟ್ಟಿಗಳನ್ನು ತೂರಿಸಿದ್ದರು. ಹಿಂದೆ ತೂತುಗಳಲ್ಲಿ ದಾರ ಪೋಣಿಸಿ ಎಳೆದು ಕಟ್ಟುವುದು. ನೆಲದ ಮೇಲೆ ನಿಲ್ಲಿಸಿದರೆ ಒಳಗೆ ಯಾರೂ ಇಲ್ಲದೆಯೂ ನಿಲ್ಲುತ್ತಿತ್ತು. ಅವ್ವನ ಜೊತೆ ಹೋದಾಗ ನಾನು ಅದನ್ನು ತಿರುವಿ ತಿರುವಿ ನೋಡಿದ್ದೆ. ಹೊಲಿಗೆ ಎಂದರೆ ನನ್ನ ಕಣ್ಣು ಹಾಗೆ — ಒಮ್ಮೆ ನೋಡಿದ್ದು ಹೋಗುವುದಿಲ್ಲ.

ತಂಬೂರಿನವರು ಕನ್ಯೆ ನೋಡಲು ಬರುತ್ತಾರೆ ಎಂದಾಗ ಅದು ನೆನಪಾಯಿತು. ಮನೆಯ ಗಂಡಸರಿಗೆ ನನ್ನ ಕೂಸಿಗೆ ಹೊದಿಸಲು ಕೌದಿ ಹೊಲಿಯುತ್ತೇನೆ ಎಂದು ಹೇಳಿದೆ. ದಪ್ಪ ಖಾದಿಯನ್ನು ಎರಡು ಪದರ ಮಾಡಿದೆ. ಕೊಡೆಯ ಕಡ್ಡಿ ಹಾಕಿ ನೋಡಿದರೆ ಬಟ್ಟೆ ಹರಿಯಿತು. ಆಮೇಲೆ ಹಳೆಯ ಬುಟ್ಟಿ ಬಿಚ್ಚಿ, ಬಿದಿರಿನ ಸೀಳುಗಳನ್ನು ನೆನೆಹಾಕಿ, ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿದೆ. ಎಡಗಡೆಯ ತಗ್ಗಿಗೆ ಹಳೆಯ ಸೀರೆಯ ಪದರಗಳನ್ನಿಟ್ಟು ಕೌದಿಯ ಹಾಗೆಯೇ ಒತ್ತಾಗಿ ಹೊಲಿದೆ. ದಬ್ಬಣದಿಂದ ತೂತು ಹಾಕಿ, ಅಂಚಿಗೆ ಕಾಜಾ ಮಾಡಿ, ಲಂಗದ ಲಾಡಿ ಪೋಣಿಸಿದೆ. ಅಷ್ಟು ಚಂದದ ಕೆಲಸ ನಾನು ಹಿಂದೆಯೂ ಮಾಡಿಲ್ಲ, ಮುಂದೆಯೂ ಮಾಡಲಿಲ್ಲ. ಒಂದೊಂದು ಹೊಲಿಗೆ ಹಾಕುವಾಗಲೂ ಬಾಯಲ್ಲಿ ಶಿವನಾಮ ಇತ್ತು ಎಂದರೆ — ನಾಚಿಕೆಯಾಗುತ್ತದೆ.

ನೀಲವ್ವ ಅದನ್ನು ನೋಡಿ ಹಿಂದೆ ಸರಿದಳು.

"ಬ್ಯಾಡ್ರಿ ವೈನಿ. ಇದ್ದಂಗ ನೋಡ್ಲಿ. ಒಪ್ಪಿದ್ರ ಒಪ್ಲಿ, ಇಲ್ಲಾಂದ್ರ ಎದ್ದು ಹೋಗ್ಲಿ."

"ಇದ್ದಂಗ ನೋಡಿದಾವ್ರು ಎಲ್ಲಾರೂ ಎದ್ದ ಹೋಗ್ಯಾರಲ್ಲಬೇ," ಎಂದೆ.

ಅವಳು ಸೆರಗು ಜಾರಿಸಿದಳು. ತಿರುಗಿ ನಿಂತು ಬೆನ್ನು ಕೊಟ್ಟಳು. ನಾನು ಲಾಡಿ ಎಳೆದೆ.

ಅದನ್ನು ತೊಟ್ಟರೆ ಬಗ್ಗಲು ಬರುತ್ತಿರಲಿಲ್ಲ. ಬಂದ ಹಿರಿಯರ ಕಾಲಿಗೆ ಬೀಳದೆ ಇದ್ದರೆ ನಡೆಯುತ್ತದೆಯೇ? ಮೊಣಕಾಲೂರಿ, ಬೆನ್ನು ನೆಟ್ಟಗಿಟ್ಟುಕೊಂಡು, ಎರಡೂ ಕೈಯಿಂದ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ನಾನೇ ಕಲಿಸಿದೆ. ಅದನ್ನು ನೋಡಿ ಬೀಗತಿ ಮಾರುಹೋದಳು. "ಏನ್ ಭಕ್ತೀರಿ ಹುಡುಗೀದು! ನಮ್ಮ ಓಣ್ಯಾಗಿನಾವು ಕಾಲ ಮುಟ್ಟೂದಂದ್ರ ಬಿದ್ದ ನಾಣ್ಯಾ ಎತ್ತಿದಂಗ ಮಾಡ್ತಾವು. ನಿಂತ್ರ ಕೋಲ ನಟ್ಟಂಗ ನಿಲ್ತಾಳ ನೋಡ್ರಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ಹುಡುಗಿ ಕಷ್ಟಪಟ್ಟು ನೆಟ್ಟಗೆ ನಿಂತಿದ್ದಾಳೆ ಎಂದೇ ನಮ್ಮ ಗಂಡಸರು ತಿಳಿದಿದ್ದರು. ನೀಲವ್ವ ಒಬ್ಬಳೇ ಉಸಿರು ಸಣ್ಣಗೆ ಬಿಡುತ್ತ ನಿಂತಿದ್ದಳು.

ಮದುವೆಯ ದಿನವೂ ಅದನ್ನು ಕಟ್ಟಿದೆ. ಆಮೇಲೆ ಏನು ಎಂದು ನಾನು ಯೋಚಿಸಲಿಲ್ಲ. ಯೋಚಿಸಲಿಲ್ಲ ಎನ್ನುವುದೂ ಸುಳ್ಳು — ಒಮ್ಮೆ ಅಕ್ಕಿಕಾಳು ಬಿದ್ದ ಮೇಲೆ ಅವರೇ ಹೊಂದಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಹೊಸ ಸೊಸೆಗೆ ಅತ್ತೆಯೇ ಎಣ್ಣೆ ಹಚ್ಚಿ ಎರೆಯುವುದು ನಮ್ಮಲ್ಲಿಯ ಪದ್ಧತಿ. ಅದು ಮಾತ್ರ ನನ್ನ ತಲೆಗೆ ಹೊಳೆಯಲಿಲ್ಲ. ಬಚ್ಚಲಿನಲ್ಲಿ ಅವಳ ಬೆನ್ನಿಗೆ ಕೈ ಹಾಕಿದ ಬೀಗತಿಗೆ ಎಲ್ಲ ತಿಳಿಯಿತು.

ಗಂಗಕ್ಕ ಸುದ್ದಿ ತಂದ ಸ್ವಲ್ಪ ಹೊತ್ತಿಗೇ ಅವರು ಬಂದರು. ಮಾವ, ನಮ್ಮನೆಯವರು, ಓಣಿಯ ಹಿರಿಯರೊಬ್ಬರು ಕಂಬಳಿಯ ಮೇಲೆ ಕುಳಿತಿದ್ದರು. ನಾನು ಬಾಗಿಲ ಮರೆಗಿದ್ದೆ. ಬೀಗತಿ ಕೂಗಾಡಲಿಲ್ಲ. ಗಂಟು ಬಿಚ್ಚಿ ಕುಪ್ಪಸವನ್ನು ನಡುವೆ ಇಟ್ಟಳು. ಅದು ನಿಂತುಕೊಂಡಿತು.

"ಇದನ್ನ ಹೊಲಿದಾಕಿ ಯಾರು?" ಎಂದಳು. "ಬೆನ್ನ ಸೊಟ್ಟ ಐತಿ ಅಂತ ನಾ ಬಂದಿಲ್ರಿ. ನನ್ನ ಮಗಂದೂ ಒಂದ ಕಿವಿ ಕೇಳೂದಿಲ್ಲ, ನೀವು ಕೇಳಿದ್ರಿ, ನಾ ಹೇಳಿದ್ನಿ. ಹಿರೇರು ಯಾರರೆ ಹೊಲದು ಹುಡುಗಿಗೆ ಕಟ್ಟಿದ್ರ ಇದರಾಗ ಅಕೀದೇನು ತಪ್ಪು? ಈಗ ಹೊಳ್ಳಿ ಕರಕೊಂಡ ಹೋಗ್ತೀನಿ. ತಾನ ಹೊಲಕೊಂಡು ತಾನ ತೊಟ್ಟು ನನ್ನ ಕಾಲ ಮುಟ್ಟಿದ್ಲಂದ್ರ — ಅಂಥಾಕಿ ನಮಗ ಬ್ಯಾಡ. ನಿಮ್ಮ ಮನ್ಯಾಗ ಇರ್ಲಿ."

ಮಾವನಿಗೆ ಅದೇನೆಂದೇ ತಿಳಿದಿರಲಿಲ್ಲ. ಅವರು ಮಗಳ ಕಡೆ ನೋಡಿದರು.

ನಾನು ಒಂದು ಹೆಜ್ಜೆ ಮುಂದೆ ಇಡಬೇಕಿತ್ತು. ನಾನು ಎಂಬ ಒಂದು ಮಾತು. ಅಷ್ಟು ಅಂದಿದ್ದರೆ ಅವಳ ಬಾಳು — ನನಗೇನಾಗುತ್ತಿತ್ತು? ಮಾವ ಬೈಯುತ್ತಿದ್ದರು. ಗಂಡ ನಾಲ್ಕು ದಿನ ಮಾತು ಬಿಡುತ್ತಿದ್ದರು, ತವರಿಗೆ ಹೋಗು ಅನ್ನುತ್ತಿದ್ದರೇನೋ. ಶಾಂತವ್ವ ಎಂದರೆ ದೇವರಂಥಾಕಿ ಎನ್ನುತ್ತಿದ್ದ ಓಣಿ ನಗುತ್ತಿತ್ತು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಂತೆ. ನೀಲವ್ವ ನನ್ನ ಕಡೆ ನೋಡಿದಳು. ಸಾಕಷ್ಟು ಹೊತ್ತು ನೋಡಿದಳು. ಕಾಯ್ದಳು ಎಂದೇ ಹೇಳಬೇಕು.

ಆಮೇಲೆ ನೆಲ ನೋಡುತ್ತ, "ನಾನ ಹೊಲಕೊಂಡೇನ್ರಿ ಅತ್ತಿ," ಎಂದಳು.

ಬೀಗತಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ನೀರು ಸಹ ಕುಡಿಯದೆ ಎದ್ದಳು. ತಂಬೂರಿನವರು ಬೇರೆ ಹುಡುಗಿಯನ್ನು ತಂದುಕೊಂಡರು ಎಂದು ಮುಂದೆ ಕೇಳಿದೆವು.

ದಿನಾ ಸಂಜೆ ಲಿಂಗಪೂಜೆ ಮುಗಿಸಿ, ಶಿವ ಅಂದು ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ಎಣಿಸುವುದು ನನ್ನ ರೂಢಿ. ಎಮ್ಮೆ ಒದೆಯದೆ ಹಾಲು ಕೊಟ್ಟಿತು. ಹಸಿ ಕಟ್ಟಿಗೆ ಇದ್ದರೂ ಒಲೆ ಹೊತ್ತಿತು. ಕೂಸಿನ ಜ್ವರ ಇಳಿಯಿತು. ಅಂದೂ ಎಣಿಸಿದೆ. ನನ್ನ ಹೆಸರು ಬರಲಿಲ್ಲ, ಶಿವನೇ, ನಿನ್ನ ದಯೆ — ಎಂದು ವಿಭೂತಿ ಹಚ್ಚಿಕೊಂಡೆ. ಸುಮ್ಮನಿದ್ದದ್ದು ಒಂದು ಪಾಪ. ಅದನ್ನು ದೇವರ ಲೆಕ್ಕಕ್ಕೆ ಹಾಕಿದ್ದು ಇನ್ನೂ ದೊಡ್ಡದು.

ಮಾವ ಮಗಳಿಗೆ ಹೊಡೆಯಲಿಲ್ಲ, ಬಡಿಯಲಿಲ್ಲ. ಅಂದಿನಿಂದ ಅವಳ ಕೈಯ ರೊಟ್ಟಿ ಉಣ್ಣಲಿಲ್ಲ. "ಶಾಂತವ್ವ ನೀಡ್ಲಿ," ಎನ್ನುತ್ತಿದ್ದರು. ಅಡುಗೆಮನೆ ನನ್ನದಾಯಿತು. ಅವಳು ಕೊಟ್ಟಿಗೆ, ಹೊಲ, ನನ್ನ ಮಕ್ಕಳು — ಇವುಗಳಲ್ಲಿ ದಿನ ಕಳೆದಳು. ಯಮನೂರಿನ ದರ್ಗಾಕ್ಕೆ ಹೋಗಿ ಹರಕೆಯ ಸಕ್ಕರೆ ಓದಿಸಿದೆ, ಮಠಕ್ಕೆ ಎಣ್ಣೆ ಕೊಟ್ಟೆ, ಅಲ್ಲೆಲ್ಲ ಮನಸ್ಸಿನಲ್ಲೇ ತಪ್ಪೊಪ್ಪಿಕೊಂಡೆ. ದೇವರ ಮುಂದೆ ಹೇಳುವುದು ಸುಲಭ. ದೇವರು ಊಟದ ತಾಟು ಸರಿಸುವುದಿಲ್ಲ. ಕಡೆಯ ದಿನಗಳಲ್ಲಿ ಮಾವನ ಬಾಯಿಗೆ ಗಂಜಿ ಹಾಕಿದವಳೂ ನಾನೇ. ನೀಲವ್ವ ಹೊಸ್ತಿಲ ಆಚೆ ನಿಂತಿರುತ್ತಿದ್ದಳು. ಆಗಲೂ ಹೇಳಲಿಲ್ಲ.

ನಿನ್ನೆ ಹೇಳಿದೆ. ಅಂಥ ಕಾರಣವೇನೂ ಇರಲಿಲ್ಲ. ಆ ಕುಪ್ಪಸದ ಕತೆಯನ್ನು ಓಣಿಯಲ್ಲಿ ಕೇಳಿದ್ದ ನನ್ನ ಮಗಳು ಸೂಜಿಗೆ ದಾರ ಪೋಣಿಸಲು ಬಾರದೆ, "ಅತ್ತಿ, ನೀ ಹೊಲಿಗಿ ಯಾರ ಕಡೆ ಕಲತಿ?" ಎಂದು ನೀಲವ್ವನನ್ನು ಕೇಳಿದಳು. "ನನಗ ಗುಂಡಿ ಹಚ್ಚಾಕೂ ಬರೂದಿಲ್ಲವಾ," ಎಂದು ಅವಳು ನಕ್ಕಳು. ಊಟ ಮಾಡುತ್ತಿದ್ದ ನಮ್ಮನೆಯವರ ಕೈ ನಿಂತಿತು. ಅವರು ತಂಗಿಯನ್ನು ನೋಡಿದರು, ನನ್ನನ್ನು ನೋಡಿದರು.

"ಹೌದ್ರಿ," ಎಂದೆ. "ನಾನ ಹೊಲಿದದ್ದು. ನಾನ ಕಟ್ಟಿದ್ದು. ಅಕಿ ಬ್ಯಾಡಂದಿದ್ಲು."

ಅವರು ತಾಟಿನಲ್ಲೇ ಕೈ ತೊಳೆದುಕೊಂಡು ಎದ್ದು ಹೊರಗೆ ಹೋದರು. ಇನ್ನೂ ನನ್ನ ಜೊತೆ ಮಾತಾಡಿಲ್ಲ. ನೀಲವ್ವ ಮಗಳ ಕೈಯಿಂದ ಸೂಜಿ ಇಸಿದುಕೊಂಡು ಗೋಡೆಯ ಗೂಡಿನಲ್ಲಿಟ್ಟಳು.

"ಈಗ್ಯಾಕ ವೈನಿ?" ಎಂದಳು. ಸಿಟ್ಟಿರಲಿಲ್ಲ. "ಅಪ್ಪ ಇದ್ದಾಗ ಅನಬೇಕಿತ್ತು. ನನ್ನ ಕೈಲೆ ಒಂದ ತುತ್ತ ಉಂಡು ಹೋಗ್ತಿದ್ದ."

ಆದರೂ ಇನ್ನು ಬಾಯಿ ಮುಚ್ಚುವುದಿಲ್ಲ. ಗಂಗಕ್ಕನಿಗೆ ಹೇಳುತ್ತೇನೆ, ಓಣಿಗೆ ಹೇಳುತ್ತೇನೆ, ತಂಬೂರಿಗೆ ಹೋಗಿ ಆ ಬೀಗತಿ ಬದುಕಿದ್ದರೆ ಅವಳಿಗೂ ಹೇಳುತ್ತೇನೆ. ಅದರಿಂದ ನೀಲವ್ವನಿಗೆ ಏನೂ ತಿರುಗಿ ಬರುವುದಿಲ್ಲ ಎಂದು ಗೊತ್ತಿದ್ದೇ ಹೇಳುತ್ತೇನೆ.

ನಿನ್ನೆ ಅಷ್ಟು ಹೇಳಿ ಅವಳು ಎಮ್ಮೆಗೆ ನೀರು ತೋರಿಸಲು ಹಿತ್ತಲಿಗೆ ಹೋದಳು. ನಾನು ಮುಸುರೆ ಪಾತ್ರೆಗಳನ್ನು ಬಳಿದುಕೊಂಡು, ಬೂದಿ ತೆಗೆದುಕೊಂಡು ತಿಕ್ಕಲು ಕುಳಿತೆ.