ಬಸಲಿಂಗಪ್ಪ ಸರ್ ಮತ್ತು ಮುಂದಿನ ಸೊನ್ನೆ

ಬಸಲಿಂಗಪ್ಪ ಸರ್ ಕಂಪ್ಯೂಟರ್ ಮುಟ್ಟುವ ಮೊದಲು ಪೆನ್ಸಿಲ್ ಮುಟ್ಟುತ್ತಿದ್ದರು. ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಇಡೀ ಸ್ಕೀಮಾ, ಅಂದರೆ ಫೈಲಿನ ನಿಯಮಗಳ ಪಟ್ಟಿ, ಬರೆದು, ಕಣ್ಣು ಮುಚ್ಚಿ ಮಂತ್ರದಂತೆ ಓದುತ್ತಿದ್ದರು: “ಕಮಾನು ತೆರಿ... ಆಟ್ರಿಬ್ಯೂಟು... ಹುಟ್ಟಿದ ತಾರೀಖು... ಟೈಪು, ಡೇಟು... ಕಮಾನು ಮುಚ್ಚು.” ಜಮಖಂಡಿಯ ಕೋರ್ಟಿನ ಹಿಂದಿದ್ದ ನಮ್ಮ ಒಂದು ಕೋಣೆಯ ಆಫೀಸನ್ನು ಪಂಚಾಂಗ ಹೇಳುವ ಜಾಗವೆಂದುಕೊಂಡು ಚಪ್ಪಲಿ ಬಿಟ್ಟು ಒಳಬಂದವರೂ ಇದ್ದಾರೆ.

ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದ ನಾನು ಆ ಓದನ್ನು ಅವರಿಗಿಂತ ಚೆನ್ನಾಗಿ ಓದಿ ಅಣಕಿಸುತ್ತಿದ್ದೆ. ಒಮ್ಮೆ ಅವರು ಬಾಗಿಲಲ್ಲೇ ನಿಂತು ನನ್ನ ಆಟವನ್ನು ಪೂರ್ತಿ ಕೇಳಿ, “ದನಿ ಬರೋಬ್ಬರಿ ಐತಿ ಲೇ ಗಿಳಿ. ತಲಿ ಯಾವಾಗ ಬರತೈತಿ?” ಎಂದರು. ನಾನೂ ಕಾಯುತ್ತಲೇ ಇದ್ದೇನೆ.

ಆಸ್ಪತ್ರೆ, ಸಂಘಗಳ ಪಟ್ಟಿಗಳನ್ನು ಕಂಪ್ಯೂಟರು ಓದುವಂಥ ಎಕ್ಸ್‌ಎಂಎಲ್ ಫೈಲುಗಳನ್ನಾಗಿ ಮಾಡಿಕೊಡುವುದು ನಮ್ಮ ಕೆಲಸ. ಒಬ್ಬೊಬ್ಬರ ದಾಖಲೆಗೂ ಹೆಸರು, ಊರು, ಕಾರ್ಡ್ ನಂಬರ್ ಎಂಬ ಆಟ್ರಿಬ್ಯೂಟುಗಳು. ಒಂದೊಂದೂ ಲೆಕ್ಕದ ಅಂಕಿಯೋ, ತಾರೀಖೋ, ಬರೀ ಅಕ್ಷರಗಳ ಸಾಲೋ ಎಂದು ಸ್ಕೀಮಾದಲ್ಲಿ ಮೊದಲೇ ಸಾರಬೇಕು. ಅದಕ್ಕೆ ಹೊಂದದ್ದನ್ನು ಕಂಪ್ಯೂಟರು ಹೊಸ್ತಿಲಲ್ಲೇ ತಡೆಯುತ್ತದೆ. ಮೊದಲ ವಾರವೇ ನಾನು ಫೋನ್ ನಂಬರಿಗೆ ಇಂಟಿಜರ್, ಅಂದರೆ ಲೆಕ್ಕದ ಅಂಕಿ, ಎಂದು ಬರೆದೆ. ಸರ್ ಪೆನ್ಸಿಲ್ ಕೆಳಗಿಟ್ಟರು.

“ನನ್ನ ನಂಬರಿಗೆ ನಿನ್ನ ನಂಬರ್ ಕೂಡಿಸಲೇ. ಈಗ ಯಾರ ಮನ್ಯಾಗ ಗಂಟಿ ಬಾರಿಸತೈತಿ?”

“ಯಾರ ಮನ್ಯಾಗೂ ಇಲ್ರೀ.”

“ಮತ್ತ? ಕೂಡಿಸಾಕ ಬರಲಾರದ್ದು ಅಂಕಿ ಅಲ್ಲಪಾ, ಅದು ಹೆಸರು. ಸ್ಟ್ರಿಂಗ್ ಅಂತ ಬರಿ, ಬರೀ ಅಕ್ಷರದ ಸಾಲು.”

ಇದನ್ನು ನಾಲ್ಕು ದಿನ ಚಹಾದಂಗಡಿಯಲ್ಲಿ ಆಡಿ ತೋರಿಸಿ ನಗಿಸಿದೆ. ಕಲಿತದ್ದು ದನಿ ಮಾತ್ರ.

ಆಮೇಲೆ ರಬಕವಿಯ ಪಟ್ಟಿ ಬಂತು. ಒಂದು ಕಣ್ಣಿನ ಆಸ್ಪತ್ರೆಯವರು ನೇಕಾರರ ತಪಾಸಣೆ ಮಾಡಿದ್ದರು. ಕಣ್ಣೊಳಗಿನ ಒತ್ತಡ ಹೆಚ್ಚಿದ್ದವರನ್ನು ಚಿಕಿತ್ಸೆಗೆ ಮತ್ತೆ ಕರೆಯಬೇಕಿತ್ತು. ಸರ್ ಅಂದು ಮುಧೋಳಕ್ಕೆ ಲಗ್ನಕ್ಕೆ ಹೋಗಿದ್ದರು. ನಾನು ಕಾರ್ಡ್ ನಂಬರನ್ನು ಇಂಟಿಜರ್ ಎಂದು ಸಾರಿದೆ. ಒಂದೇ ನಂಬರು ಎರಡೆರಡು ಸಲ ಬಂದಿದೆಯೆಂದು ಕಂಪ್ಯೂಟರು ಆರು ಕಡೆ ತಕರಾರು ತೆಗೆಯಿತು.

ಅಲ್ಲಿನ ನೇಕಾರರ ಸಂಘದಲ್ಲಿ ಒಂದು ಪದ್ಧತಿ. ಕಾರ್ಡಿನ ಮೊದಲ ಪುಸ್ತಕ ತುಂಬಿದಾಗ ಎರಡನೆಯದನ್ನು ಮತ್ತೆ ಒಂದರಿಂದಲೇ ಶುರು ಮಾಡಿ, ಮುಂದೆ ಒಂದು ಸೊನ್ನೆ ಹಚ್ಚಿದ್ದರು. ೪೭ ಒಬ್ಬರು, ೦೪೭ ಇನ್ನೊಬ್ಬರು; ಓಣಿಗೆಲ್ಲ ಗೊತ್ತು. ಲೆಕ್ಕದ ಅಂಕಿಗೆ ಮುಂದಿನ ಸೊನ್ನೆ ಕಾಣುವುದಿಲ್ಲ. ನನಗೂ ಕಾಣಲಿಲ್ಲ. ಹೆಸರುಗಳು ಬೇರೆಯಿದ್ದವು, ಗಂಡನ ಕಾರ್ಡಿನಲ್ಲಿ ಹೆಂಡತಿ ಬಂದಿರಬೇಕೆಂದು ನನಗೆ ನಾನೇ ಹೇಳಿಕೊಂಡು ಆರು ಜನರನ್ನು ಅಳಿಸಿದೆ. ಸಂಜೆ ಸರ್ ಬಂದಾಗ ಆಸ್ಪತ್ರೆಯವನು ಬಾಗಿಲಲ್ಲೇ ಅವಸರ ಮಾಡುತ್ತಿದ್ದ.

“ಎಲ್ಲಾ ನೋಡಿದೇನು?” ಸರ್ ನನ್ನನ್ನು ಕೇಳಿದರು.

“ನೋಡೇನ್ರಿ.”

ಸಹಿ ಹಾಕಿದರು.

ಐದು ತಿಂಗಳ ಮೇಲೆ ರಬಕವಿಯಲ್ಲಿ ಸೀರೆ ನೇಯುವ ಶಾಂತವ್ವ ಮುಂದೆ ಸೊನ್ನೆಯಿದ್ದ ತನ್ನ ಕಾರ್ಡ್ ಹಿಡಿದು ಹುಡುಕಿಕೊಂಡು ಬಂದಳು. “ಎಲ್ಲಾರ್ನೂ ಕರದ್ರು, ನನ್ನ ಯಾಕ ಕರೀಲಿಲ್ಲ? ಎಡಗಣ್ಣು ಹೋತು. ಇನ್ನ ಬರೂದಿಲ್ಲ ಅಂದ್ರು ಡಾಕ್ಟ್ರು.”

ಸರ್ ಕಾರ್ಡನ್ನೂ ಸ್ಕೀಮಾವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ನನ್ನ ಕಡೆ ತಿರುಗಲಿಲ್ಲ. ಎದ್ದು ಕೈಮುಗಿದರು. “ತಾಯಿ, ನಿಮ್ಮ ಹೆಸರು ನಾನು ಅಳಿಸೇನ್ರಿ.”

“ನಿನ್ನ ಕೈ ಸೇದಿ ಹೋಗಲಿ! ನೀನೂ ಕತ್ತಲ್ಯಾಗ ತಡಕ್ಯಾಡು!” ಇನ್ನೂ ಏನೇನೋ ಅಂದಳು. ಸರ್ ನಿಂತೇ ಕೇಳಿದರು. ಅವಳು ಹೋದ ಮೇಲೆ ನಾನು, “ಸರ್...” ಎಂದೆ.

“ಸಹಿ ಯಾರದ್ದು?”

“ನಿಮ್ದ್ರಿ.”

“ಮತ್ತ ಸುಮ್ನ ಕೂಡು.”

ಕೂತೆ. ಅವರು ಹೇಳಿದ್ದನ್ನು ನಾನು ತಕ್ಷಣ ಕೇಳಿದ್ದು ಅದೊಂದೇ ಸಲ.

ಉಳಿದ ಐವರನ್ನು ಸರ್ ಅಂದೇ ಫೋನ್ ಮಾಡಿ ಆಸ್ಪತ್ರೆಗೆ ಕಳಿಸಿದರು, ಅವರಿಗಿನ್ನೂ ಸಮಯವಿತ್ತು. ಆಮೇಲೆ ಹಳೆಯ ಲಗ್ನಪತ್ರಿಕೆಗಳ ಕಟ್ಟುಗಳನ್ನೆಲ್ಲ ಬಿಚ್ಚಿ, ಇನ್ನೆಲ್ಲಾದರೂ ಯಾರಾದರೂ ಅಳಿಸಿಹೋಗಿದ್ದಾರೆಯೇ ಎಂದು ಒಂದೊಂದೇ ಟೈಪು ನೋಡತೊಡಗಿದರು. ಈಗ ಗಟ್ಟಿಯಾಗಿ ಓದುತ್ತಿರಲಿಲ್ಲ. ಆ ಕಟ್ಟುಗಳು ಮುಗಿಯುವ ಮೊದಲೇ, ಒಂದು ಮಧ್ಯಾಹ್ನ, ಕೂತಲ್ಲೇ ಅವರ ಎದೆ ನಿಂತಿತು.

ಹದಿಮೂರನೆಯ ದಿನ ಕಳೆದ ಮೇಲೆ ನಾನು ಒಬ್ಬನೇ ರಬಕವಿಗೆ ಹೋದೆ. ಶಾಂತವ್ವ ಕತ್ತು ಓರೆ ಮಾಡಿ, ಬಲಗಣ್ಣನ್ನು ಸೀರೆಯ ಅಂಚಿಗೆ ಹತ್ತಿರ ಒಯ್ದು, ಹರಿದ ಎಳೆ ಹುಡುಕುತ್ತಿದ್ದಳು. ಸರ್ ಹೋದರೆಂದು ಹೇಳಿದೆ. ಅಳಿಸಿದ್ದು ನಾನು ಎಂದೂ ಹೇಳಿದೆ. ಬೈಸಿಕೊಳ್ಳಲು ತಯಾರಾಗಿ ನಿಂತೆ.

ಅವಳು ಮಗ್ಗದ ಮೇಲಿಂದ ಕೈ ತೆಗೆದಳು.

“ನಾ ಬೈದ ಮ್ಯಾಲೆ ಎರಡು ಸಲ ಬಾಗಲಿಗೆ ಬಂದಿದ್ರೋ ಆ ಮನಷ್ಯಾ. ಒಂದ್ ತಂಬಿಗಿ ನೀರ್ ಸೈತ ಕೊಡಲಿಲ್ಲ ನಾ. ಈಗ ಬಂದು ಹೇಳಾಕತ್ತೀಯಲ್ಲೋ ತಮ್ಮಾ, ಇದನ್ನ ನಾ ಎಲ್ಲಿ ಇಟಗೊಳ್ಳಲಿ?”